ಸಿಸ್ಟಂ ಫೈಲುಗಳ ಪರಿಶೀಲನೆ: ವಿಂಡೋಸ್ ಫೋಲ್ಡರಿನಲ್ಲಿ ಇರಬೇಕಾದವು ಮತ್ತು ಬಂದು ಸೇರಿಕೊಂಡವು

ಆಪರೇಟಿಂಗ್ ಸಿಸ್ಟಂ ತನ್ನ ಕೆಲಸಕ್ಕೆಂದು ಕಾದಿರಿಸಿಕೊಂಡ ಫೋಲ್ಡರುಗಳಲ್ಲಿ ಯಾವ ಫೈಲು ನಿಜಕ್ಕೂ ಅಲ್ಲಿಯದು, ಯಾವುದು ಹೊರಗಿನಿಂದ ಬಂದು ಕುಳಿತದ್ದು, ಯಾವುದು ಇದ್ದೂ ಕೆಟ್ಟುಹೋಗಿದೆ ಎಂದು ಗೊತ್ತುಮಾಡಿಕೊಳ್ಳುವ ಕೆಲಸಕ್ಕೆ ಸಿಸ್ಟಂ ಫೈಲು ಪರಿಶೀಲನೆ ಎನ್ನುತ್ತಾರೆ. ಮೈಕ್ರೊಸಾಫ್ಟ್ ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಈ ಪ್ರಶ್ನೆ ಹೆಚ್ಚಾಗಿ ಏಳುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರ್ ಮತ್ತು ಅದರೊಳಗಿನ ಸಿಸ್ಟಂ32 ಎಂಬ ಒಳಫೋಲ್ಡರಿನ ವಿಷಯದಲ್ಲಿ. ಅಲ್ಲಿ ಸಾವಿರಾರು ಫೈಲುಗಳಿವೆ. ಬಹುಪಾಲಿನವಕ್ಕೆ ಅರ್ಥವಾಗದ ಮೊಟಕು ಹೆಸರು. ಹೆಸರು ಕಂಡು ಅನುಮಾನಪಟ್ಟು ಅಳಿಸಿದರೆ ಕಂಪ್ಯೂಟರ್ ಮತ್ತೆ ಏಳದಿರಬಹುದು. ಹೆಸರು ಕಂಡು ನಂಬಿ ಬಿಟ್ಟರೆ ಕಳ್ಳ ಪ್ರೋಗ್ರಾಂ ವರ್ಷಗಟ್ಟಲೆ ಅಲ್ಲೇ ಉಳಿದುಬಿಡಬಹುದು. ಎರಡೂ ನಡೆದಿವೆ, ದೊಡ್ಡ ಪ್ರಮಾಣದಲ್ಲೇ ನಡೆದಿವೆ.

2002ರಲ್ಲಿ ಜಗತ್ತಿನಾದ್ಯಂತ ಒಂದು ಇಮೇಲ್ ಹರಿದಾಡಿತು. ನಿಮ್ಮ ಕಂಪ್ಯೂಟರಿನಲ್ಲಿ ಜೆಡಿಬಿಜಿಎಂಜಿಆರ್.ಇಎಕ್ಸ್‌ಇ ಎಂಬ ಫೈಲು ಇದೆಯೇ ಹುಡುಕಿ, ಪುಟ್ಟ ಕರಡಿಮರಿಯ ಚಿತ್ರವಿರುವ ಆ ಫೈಲು ವೈರಸ್, ಹದಿನಾಲ್ಕು ದಿನ ಸುಮ್ಮನಿದ್ದು ಆಮೇಲೆ ಎಲ್ಲವನ್ನೂ ಹಾಳುಮಾಡುತ್ತದೆ, ಆಂಟಿವೈರಸ್‌ಗಳಿಗೂ ಇದು ಸಿಗುವುದಿಲ್ಲ, ಕೂಡಲೇ ಅಳಿಸಿ ಪರಿಚಯದವರಿಗೆಲ್ಲ ತಿಳಿಸಿ ಎಂದು ಅದು ಹೇಳುತ್ತಿತ್ತು. ಹುಡುಕಿದವರಿಗೆ ಫೈಲು ಸಿಕ್ಕೇ ಸಿಗುತ್ತಿತ್ತು, ಏಕೆಂದರೆ ಅದನ್ನು ಅಲ್ಲಿಟ್ಟದ್ದು ಮೈಕ್ರೊಸಾಫ್ಟೇ. ಜಾವಾ ಪ್ರೋಗ್ರಾಂಗಳ ತಪ್ಪು ಹುಡುಕುವವರಿಗೆ ನೆರವಾಗುವ ಸಣ್ಣ ಸಲಕರಣೆ ಅದು. ಕರಡಿಯ ಚಿತ್ರವೂ ಅದರದೇ. ಅದಕ್ಕೂ ಒಂದು ವರ್ಷ ಮೊದಲು, 2001ರಲ್ಲಿ, ಎಸ್‌ಯುಎಲ್‌ಎಫ್‌ಎನ್‌ಬಿಕೆ.ಇಎಕ್ಸ್‌ಇ ಎಂಬ ಇನ್ನೊಂದು ಫೈಲಿನ ಮೇಲೆ ಇದೇ ಬಗೆಯ ಆರೋಪ ಬಂದಿತ್ತು. ವಿಂಡೋಸ್ 98ರಲ್ಲಿ ಫೈಲುಗಳ ಉದ್ದ ಹೆಸರುಗಳನ್ನು ಕಾಪಿಟ್ಟು ಮರಳಿ ಕೂಡಿಸುವುದು ಆ ಫೈಲಿನ ಕೆಲಸವಾಗಿತ್ತು. ಆ ಹೊತ್ತಿಗೆ ಓಡಾಡುತ್ತಿದ್ದ ಮ್ಯಾಜಿಸ್ಟರ್ ಎಂಬ ನಿಜವಾದ ವೈರಸ್ ಸೋಂಕು ತಗುಲಿಸಿದ ಫೈಲುಗಳನ್ನು ಇಮೇಲಿಗೆ ಲಗತ್ತಿಸಿ ಕಳಿಸುತ್ತಿದ್ದುದರಿಂದ, ಈ ಹೆಸರಿನ ಸೋಂಕಿತ ಪ್ರತಿಗಳೂ ಅಲ್ಲಲ್ಲಿ ತಿರುಗುತ್ತಿದ್ದವು. ಹೀಗೆ ಸುಳ್ಳಿಗೆ ಒಂದಿಷ್ಟು ನಿಜದ ಬಣ್ಣವೂ ಹತ್ತಿತು. ಈ ಎರಡೂ ಹುಸಿ ಎಚ್ಚರಿಕೆಗಳು ಒಂದೇ ಒಂದು ಸಾಲಿನ ಕೋಡನ್ನೂ ಬಳಸಲಿಲ್ಲ; ಹಾನಿಯನ್ನೆಲ್ಲ ಕಂಪ್ಯೂಟರಿನ ಮಾಲೀಕರ ಕೈಯಿಂದಲೇ ಮಾಡಿಸಿದವು.

ಫೋಲ್ಡರಿನ ಒಳನೋಟ

ವಿಂಡೋಸ್ ಫೋಲ್ಡರ್ ಬಳಕೆದಾರರ ಕಡತಗಳಿಗೆ ಮೀಸಲಾದ ಜಾಗವಲ್ಲ. ಡೆಸ್ಕ್‌ಟಾಪ್, ಟಾಸ್ಕ್‌ಬಾರ್‌ಗಳನ್ನು ತೋರಿಸುವ ಎಕ್ಸ್‌ಪ್ಲೋರರ್.ಇಎಕ್ಸ್‌ಇ ಅದರಲ್ಲಿ ನೇರವಾಗಿ ಇರುತ್ತದೆ. ಉಳಿದ ಮುಖ್ಯ ಪ್ರೋಗ್ರಾಂಗಳು ಸಿಸ್ಟಂ32ರಲ್ಲಿ: ಲಾಗಿನ್ ಪರದೆಯನ್ನು ನಡೆಸುವ ವಿನ್‌ಲಾಗಾನ್, ಪಾಸ್‌ವರ್ಡ್ ಸರಿಯೇ ಎಂದು ತಾಳೆನೋಡುವ ಎಲ್‌ಎಸ್‌ಎಎಸ್‌ಎಸ್, ಹಿನ್ನೆಲೆಯ ಸೇವೆಗಳನ್ನು ಹೊತ್ತು ನಡೆಸುವ ಎಸ್‌ವಿಸಿಹೋಸ್ಟ್. ಅದರೊಳಗಿನ ಡ್ರೈವರ್ಸ್ ಫೋಲ್ಡರಿನಲ್ಲಿ ಯಂತ್ರಭಾಗಗಳ ಜೊತೆ ಮಾತಾಡುವ, ಎಸ್‌ವೈಎಸ್ ಎಂದು ಕೊನೆಯಾಗುವ ಫೈಲುಗಳಿವೆ. ಕಾನ್ಫಿಗ್ ಫೋಲ್ಡರಿನಲ್ಲಿ ಎಸ್‌ಎಎಂ, ಸಿಸ್ಟಂ, ಸಾಫ್ಟ್‌ವೇರ್ ಎಂಬ ಬಾಲವಿಲ್ಲದ ಹೆಸರಿನ ಫೈಲುಗಳಿವೆ. ವಿಂಡೋಸ್‌ನ ಸೆಟ್ಟಿಂಗುಗಳ ದಾಖಲೆಯಾದ ರಿಜಿಸ್ಟ್ರಿಯ ಬಹುಪಾಲು ಅವುಗಳಲ್ಲೇ ಇರುವುದು. ಡ್ರೈವರ್ಸ್ ಒಳಗಿನ ಇಟಿಸಿ ಫೋಲ್ಡರಿನಲ್ಲಿ ಹೋಸ್ಟ್ಸ್ ಎಂಬ ಬರಿಯ ಪಠ್ಯದ ಫೈಲು ಸಿಗುತ್ತದೆ. ಬ್ಯಾಂಕಿನ ವಿಳಾಸ ಟೈಪಿಸಿದವರನ್ನು ಬೇರೆ ಸರ್ವರಿಗೆ ಒಯ್ಯಲು ಅದರಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಹಾಗಾಗಿ ವಂಚಕರ ಕಣ್ಣು ಅದರ ಮೇಲೆ ಹಿಂದಿನಿಂದಲೂ ಇದೆ.

ಹೊಸಬರನ್ನು ತಬ್ಬಿಬ್ಬು ಮಾಡುವ ಸಂಗತಿ ಒಂದಿದೆ. 64 ಬಿಟ್ ವಿಂಡೋಸ್‌ನಲ್ಲಿ 64 ಬಿಟ್ ಫೈಲುಗಳು ಇರುವುದು ಸಿಸ್ಟಂ32ರಲ್ಲಿ. ಹಳೆಯ 32 ಬಿಟ್ ಪ್ರೋಗ್ರಾಂಗಳಿಗೆ ಬೇಕಾದ ಫೈಲುಗಳು ಇರುವುದು ಸಿಸ್‌ವಾವ್64 ಎಂಬ ಇನ್ನೊಂದು ಫೋಲ್ಡರಿನಲ್ಲಿ. ಸಿಸ್ಟಂ32 ಎಂಬ ಹೆಸರನ್ನು ನೇರವಾಗಿ ಬರೆದುಕೊಂಡಿದ್ದ ಅಸಂಖ್ಯ ಪ್ರೋಗ್ರಾಂಗಳು ಕೆಲಸ ನಿಲ್ಲಿಸಬಾರದೆಂದು ಆ ಹೆಸರನ್ನು ಹಾಗೇ ಉಳಿಸಿಕೊಂಡರು. 32 ಬಿಟ್ ಪ್ರೋಗ್ರಾಂ ಒಂದು ಸಿಸ್ಟಂ32ರ ಬಾಗಿಲು ತಟ್ಟಿದರೆ ವಿಂಡೋಸ್ ಅದಕ್ಕೆ ಗೊತ್ತಾಗದಂತೆ ಸಿಸ್‌ವಾವ್64ಕ್ಕೆ ದಾರಿ ತಿರುಗಿಸುತ್ತದೆ. ಒಂದೇ ಹೆಸರಿನ ಫೈಲು ಎರಡು ಕಡೆ ಕಂಡಿತೆಂದರೆ ಒಂದು ನಕಲಿ ಎಂದು ತೀರ್ಮಾನಿಸುವಂತಿಲ್ಲ ಎನ್ನುವುದಕ್ಕೆ ಇದೇ ಮೊದಲ ಕಾರಣ.

ಎರಡನೆಯ ಕಾರಣ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್. 1990ರ ದಶಕದಲ್ಲಿ ಡಿಎಲ್‌ಎಲ್ ಫೈಲುಗಳನ್ನು, ಎಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡಿನ ಕಟ್ಟುಗಳನ್ನು, ಹೊಸದಾಗಿ ಬಂದ ಪ್ರತಿ ಪ್ರೋಗ್ರಾಮೂ ತನ್ನ ಆವೃತ್ತಿಯಿಂದ ಅಳಿಸಿ ಬರೆಯುತ್ತಿತ್ತು. ಹೊಸ ಆಟವೊಂದನ್ನು ಹಾಕಿದ ಮೇಲೆ ಲೆಕ್ಕಪತ್ರದ ತಂತ್ರಾಂಶ ಏಳುವುದೇ ಇಲ್ಲ ಎಂಬಂಥ ದೂರುಗಳು ಆಗ ಸಾಮಾನ್ಯವಾಗಿದ್ದವು. ಈ ಸಂಕಟಕ್ಕೆ ಡಿಎಲ್‌ಎಲ್ ನರಕ ಎಂದೇ ಹೆಸರು ಬಿದ್ದಿತ್ತು. ಇದಕ್ಕೆ ಪರಿಹಾರವಾಗಿ ಬೆಳೆದದ್ದು ಬೇರೆ ಬೇರೆ ಆವೃತ್ತಿಗಳನ್ನು ಪಕ್ಕಪಕ್ಕದಲ್ಲಿ ಇಡುವ ವಿನ್‌ಎಸ್‌ಎಕ್ಸ್‌ಎಸ್ ಉಗ್ರಾಣ. ಇಂದಿನ ವಿಂಡೋಸ್‌ನಲ್ಲಿ ಸಿಸ್ಟಂ32ರ ಬಹಳಷ್ಟು ಫೈಲುಗಳು ಈ ಉಗ್ರಾಣದ ಫೈಲಿಗೇ ಇಟ್ಟ ಇನ್ನೊಂದು ಹೆಸರುಗಳು. ಡಿಸ್ಕಿನಲ್ಲಿ ದತ್ತಾಂಶ ಇರುವುದು ಒಂದೇ, ಹೆಸರು ಎರಡು. ಆದ್ದರಿಂದ ಫೋಲ್ಡರಿನ ಗಾತ್ರ ಕಂಡು ಗಾಬರಿಯಾಗಿ ಅದರೊಳಗೆ ಕೈಹಾಕಿ ಅಳಿಸಿದವರಿಗೆ ಜಾಗವೂ ಹೆಚ್ಚು ಸಿಗುವುದಿಲ್ಲ, ಮುಂದಿನ ಅಪ್‌ಡೇಟುಗಳೂ ಕೂಡಿಕೊಳ್ಳುವುದಿಲ್ಲ.

ದಾಖಲೆ ಮತ್ತು ಕಾವಲು

ಯಾವ ಫೈಲು ಅಲ್ಲಿಗೆ ಸೇರಿದ್ದು ಎಂಬ ಪ್ರಶ್ನೆಗೆ ವಿಂಡೋಸ್ ಮೊದಲ ಸಲ ತಾನೇ ಉತ್ತರ ಹೇಳಲು ಹೊರಟದ್ದು ವಿಂಡೋಸ್ 98ರಲ್ಲಿ. ಸಿಸ್ಟಂ ಫೈಲ್ ಚೆಕರ್ ಎಂಬ ಸಲಕರಣೆ ಅದರಲ್ಲಿತ್ತು. ಕೆಟ್ಟ ಫೈಲನ್ನು ಗುರುತಿಸಿ ಮೂಲ ಸಿಡಿಯಿಂದ ಹೊಸ ಪ್ರತಿ ತೆಗೆದುಕೊಡುತ್ತಿತ್ತು, ಆದರೆ ಬಳಕೆದಾರರು ಕೇಳಿದಾಗ ಮಾತ್ರ. ವಿಂಡೋಸ್ 2000 ಇದನ್ನು ಸದಾ ಎಚ್ಚರವಿರುವ ಕಾವಲಾಗಿ ಮಾಡಿತು. ಸಂರಕ್ಷಿತ ಫೈಲನ್ನು ಯಾರಾದರೂ ಬದಲಿಸಿದರೆ ಸಿಸ್ಟಂ32ರೊಳಗಿನ ಡಿಎಲ್‌ಎಲ್‌ಕ್ಯಾಶ್ ಎಂಬ ಮರೆಯ ಫೋಲ್ಡರಿನಿಂದ ಹಳೆಯ ಪ್ರತಿಯನ್ನು ತಂದು ತಾನಾಗಿ ಕೂಡಿಸುತ್ತಿತ್ತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾ ದಾರಿಯನ್ನೇ ಬದಲಿಸಿತು. ಬದಲಾದ ಮೇಲೆ ಸರಿಪಡಿಸುವುದಕ್ಕಿಂತ ಬದಲಿಸಲು ಬಿಡದಿರುವುದು ಲೇಸೆಂದು, ಈ ಫೈಲುಗಳ ಒಡೆತನವನ್ನು ಟ್ರಸ್ಟೆಡ್‌ಇನ್‌ಸ್ಟಾಲರ್ ಎಂಬ ಒಳಸೇವೆಗೆ ಒಪ್ಪಿಸಿತು. ಅಡ್ಮಿನಿಸ್ಟ್ರೇಟರ್ ಆಗಿ ಲಾಗಿನ್ ಆದವರಿಗೂ ಅಂದಿನಿಂದ ಇಲ್ಲಿ ಬರೆಯುವ ಹಕ್ಕು ನೇರವಾಗಿ ಇಲ್ಲ.

ಈಗ ಪರಿಶೀಲನೆ ನಡೆಯುವುದು ಕಮಾಂಡ್ ಪ್ರಾಂಪ್ಟಿನಿಂದ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಸ್‌ಎಫ್‌ಸಿ ಎಂದು ಬರೆದು, ಒಂದು ಜಾಗ ಬಿಟ್ಟು ಓರೆಗೆರೆ ಹಾಕಿ ಸ್ಕ್ಯಾನ್‌ನೌ ಎಂದು ಕೊಟ್ಟರೆ ವಿಂಡೋಸ್ ತನ್ನ ಪ್ರತಿ ಸಂರಕ್ಷಿತ ಫೈಲಿನ ಹ್ಯಾಶ್ ಮೌಲ್ಯವನ್ನು ಲೆಕ್ಕಹಾಕಿ ದಾಖಲೆಯ ಜೊತೆ ತಾಳೆನೋಡುತ್ತದೆ. ಫೈಲಿನ ಎಲ್ಲ ಬೈಟುಗಳನ್ನೂ ಗಣಿತದ ಸೂತ್ರವೊಂದಕ್ಕೆ ಕೊಟ್ಟು ಪಡೆಯುವ ನಿಗದಿತ ಉದ್ದದ ಸಂಖ್ಯೆಯೇ ಹ್ಯಾಶ್; ಒಂದು ಬೈಟು ಬದಲಾದರೂ ಸಂಖ್ಯೆ ಪೂರ್ತಿ ಬದಲಾಗುತ್ತದೆ. ತಪ್ಪಿದ್ದರೆ ವಿನ್‌ಎಸ್‌ಎಕ್ಸ್‌ಎಸ್ ಉಗ್ರಾಣದಿಂದ ಸರಿಯಾದ ಪ್ರತಿ ಬರುತ್ತದೆ. ಉಗ್ರಾಣವೇ ಕೆಟ್ಟಿದ್ದರೆ? ಎಸ್‌ಎಫ್‌ಸಿ ಕೈಚೆಲ್ಲುತ್ತದೆ, ಕೆಲವು ಫೈಲುಗಳನ್ನು ಸರಿಪಡಿಸಲಾಗಲಿಲ್ಲ ಎಂದು ತಿಳಿಸುತ್ತದೆ. ಆಗ ವಿಂಡೋಸ್ 8ರಿಂದೀಚೆಗೆ ಲಭ್ಯವಿರುವ ಡಿಐಎಸ್‌ಎಂ ಸಲಕರಣೆಯ ರಿಸ್ಟೋರ್‌ಹೆಲ್ತ್ ಆಜ್ಞೆ ಕೊಟ್ಟು, ವಿಂಡೋಸ್ ಅಪ್‌ಡೇಟಿನಿಂದಲೋ ಐಎಸ್‌ಒ ಫೈಲಿನಿಂದಲೋ ಉಗ್ರಾಣವನ್ನು ರಿಪೇರಿ ಮಾಡಿ, ಮತ್ತೆ ಎಸ್‌ಎಫ್‌ಸಿ ಓಡಿಸಬೇಕು. ಏನೇನಾಯಿತು ಎಂಬ ವಿವರವೆಲ್ಲ ವಿಂಡೋಸ್ ಫೋಲ್ಡರಿನ ಲಾಗ್ಸ್ ಒಳಗೆ ಸಿಬಿಎಸ್.ಲಾಗ್ ಎಂಬ ಫೈಲಿನಲ್ಲಿ ಬೀಳುತ್ತದೆ. ಡಿಸ್ಕಿನ ಕೆಟ್ಟ ಭಾಗ, ಅಪ್‌ಡೇಟಿನ ನಡುವೆ ಹೋದ ಕರೆಂಟು, ಹಾಳಾದ ಮೆಮೊರಿ ಇವುಗಳಿಂದ ಕೆಟ್ಟ ಫೈಲುಗಳಿಗೆ ಇದೇ ಸರಿಯಾದ ಔಷಧಿ.

ಆದರೆ ಎಸ್‌ಎಫ್‌ಸಿಯ ಮೇಲೆ ಜನ ಇಟ್ಟಿರುವ ನಂಬಿಕೆ ಅದು ಮಾಡುವ ಕೆಲಸಕ್ಕಿಂತ ದೊಡ್ಡದು. ದಾಖಲೆಯಲ್ಲಿರುವ ಫೈಲು ಸರಿಯಾಗಿದೆಯೇ ಎಂದಷ್ಟೇ ಅದು ನೋಡುತ್ತದೆ. ದಾಖಲೆಯಲ್ಲೇ ಇಲ್ಲದ ಹೊಸ ಫೈಲೊಂದು ಸಿಸ್ಟಂ32ರಲ್ಲಿ ಬಂದು ಕುಳಿತಿದ್ದರೆ ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಪಹಣಿಯಲ್ಲಿ ಹೆಸರಿರುವ ಹಿಡುವಳಿದಾರರನ್ನೆಲ್ಲ ವಿಚಾರಿಸಿ, ಹೊಲದಲ್ಲಿ ಗುಡಿಸಲು ಹಾಕಿಕೊಂಡವರನ್ನು ನೋಡದೇ ಹಿಂತಿರುಗುವ ತಪಾಸಣೆ ಇದು. ಯಾವ ತೊಂದರೆಯೂ ಕಂಡುಬರಲಿಲ್ಲ ಎಂಬ ಅದರ ವರದಿಯನ್ನು ವೈರಸ್ ಇಲ್ಲ ಎಂದು ಓದಿಕೊಳ್ಳುವುದು ತಪ್ಪು.

ದಾಖಲೆಯೇ ತಪ್ಪುವುದೂ ಉಂಟು. 2019ರ ಜುಲೈನಲ್ಲಿ ಯಾವ ದೋಷವೂ ಇಲ್ಲದ ಕಂಪ್ಯೂಟರುಗಳಲ್ಲೂ ಎಸ್‌ಎಫ್‌ಸಿ ಕೆಲವು ಫೈಲುಗಳು ಕೆಟ್ಟಿವೆ ಎಂದು ಹೇಳತೊಡಗಿತು. ಮೈಕ್ರೊಸಾಫ್ಟ್ ತನ್ನದೇ ಡಿಫೆಂಡರ್ ಆಂಟಿವೈರಸ್‌ನ ಪವರ್‌ಶೆಲ್ ಫೈಲುಗಳನ್ನು ಪ್ರತ್ಯೇಕವಾಗಿ ಅಪ್‌ಡೇಟ್ ಮಾಡಿತ್ತು, ಎಸ್‌ಎಫ್‌ಸಿ ನೋಡುವ ದಾಖಲೆಯಲ್ಲಿ ಮಾತ್ರ ಹಳೆಯ ಹ್ಯಾಶ್ ಉಳಿದಿತ್ತು. ಕಂಪನಿ ತಪ್ಪನ್ನು ಒಪ್ಪಿಕೊಂಡು ಸರಿಪಡಿಸಿತು.

ಹಾಗಿದ್ದರೆ ಸಿಸ್ಟಂ32ರಲ್ಲಿ ಇರಬೇಕಾದ ಫೈಲುಗಳ ಪೂರ್ಣ ಪಟ್ಟಿಯೊಂದನ್ನು ಕೊಟ್ಟುಬಿಟ್ಟರೆ ಆಗದೇ ಎಂಬ ಪ್ರಶ್ನೆ ಸಹಜ. ಅಂಥ ಒಂದೇ ಪಟ್ಟಿ ಸಾಧ್ಯವಿಲ್ಲ. ಹೋಮ್ ಆವೃತ್ತಿಯಲ್ಲಿ ಇರುವುದು ಪ್ರೊ ಆವೃತ್ತಿಯಲ್ಲಿ ಇರುವುದಕ್ಕಿಂತ ಬೇರೆ. ಪ್ರತಿ ತಿಂಗಳ ಅಪ್‌ಡೇಟಿಗೆ ಹ್ಯಾಶ್‌ಗಳು ಬದಲಾಗುತ್ತವೆ. ಭಾಷೆಗೊಂದು ಒಳಫೋಲ್ಡರ್ ಸೇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ಫೋಲ್ಡರಿನಲ್ಲಿ ವಿಂಡೋಸ್‌ಗೆ ಸೇರದ, ಆದರೂ ನ್ಯಾಯವಾಗಿಯೇ ಬಂದಿರುವ ಫೈಲುಗಳು ಬಹಳ. ಪ್ರಿಂಟರಿನ, ಗ್ರಾಫಿಕ್ಸ್ ಕಾರ್ಡಿನ ತಯಾರಕರು ಡ್ರೈವರುಗಳನ್ನು ಇಲ್ಲೇ ಇಡುತ್ತಾರೆ. ವಿಷುಯಲ್ ಸಿ++ ರನ್‌ಟೈಮ್ ಕಟ್ಟಿನ ವಿಸಿರನ್‌ಟೈಮ್140.ಡಿಎಲ್‌ಎಲ್ ಬರುವುದು ಯಾವುದೋ ಆಟವೋ ಆಫೀಸು ತಂತ್ರಾಂಶವೋ ಅದನ್ನು ತಂದುಹಾಕಿದಾಗ. ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ ಇಲ್ಲ, ಇದರಲ್ಲಿ ಇದೆ ಎಂಬುದು ಆರೋಪಕ್ಕೆ ಸಾಕ್ಷಿಯಾಗುವುದಿಲ್ಲ.

ಕನ್ನಡದ ಫೈಲುಗಳು

ಕನ್ನಡ ಬಳಸುವವರ ಕಂಪ್ಯೂಟರಿನಲ್ಲಿ ಈ ಗೊಂದಲಕ್ಕೆ ಒಳ್ಳೆಯ ಉದಾಹರಣೆಗಳೇ ಸಿಗುತ್ತವೆ. ಸಿಸ್ಟಂ32ರಲ್ಲಿ ಕೆಬಿಡಿಐಎನ್‌ಕೆಎಎನ್.ಡಿಎಲ್‌ಎಲ್ ಎಂಬ ಪುಟ್ಟ ಫೈಲಿದೆ. ವೈರಸ್ಸಿನ ಹೆಸರಿನಂತೆ ಕಾಣುವ ಅದು ಕನ್ನಡ ಕೀಬೋರ್ಡ್ ವಿನ್ಯಾಸ, ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಮೂಡಬೇಕು ಎಂಬ ಕೋಷ್ಟಕ. ಸಿ_ಐಎಸ್‌ಸಿಐಐ.ಡಿಎಲ್‌ಎಲ್ ಇರುವುದು ಭಾರತೀಯ ಲಿಪಿಗಳ ಹಳೆಯ ಇಸ್ಕಿ ಸಂಕೇತಕ್ರಮದ ಪಠ್ಯವನ್ನು ಯೂನಿಕೋಡಿಗೆ ತರಲು. ಫಾಂಟ್ಸ್ ಫೋಲ್ಡರಿಗೆ ತುಂಗಾ ಎಂಬ ಕನ್ನಡ ಅಕ್ಷರಶೈಲಿ ವಿಂಡೋಸ್ ಎಕ್ಸ್‌ಪಿಯ ಜೊತೆ 2001ರಲ್ಲಿ ಬಂತು. 2012ರ ವಿಂಡೋಸ್ 8ರಿಂದ ಭಾರತೀಯ ಲಿಪಿಗಳನ್ನೆಲ್ಲ ಒಟ್ಟಿಗೆ ನೋಡಿಕೊಳ್ಳುವ ನಿರ್ಮಲಾ ಯುಐ ಬಂದು, ವಿಂಡೋಸ್ 10ರಲ್ಲಿ ತುಂಗಾ ಬೇಕೆನಿಸಿದರೆ ಹಾಕಿಕೊಳ್ಳುವ ಹೆಚ್ಚುವರಿ ಕಟ್ಟಿಗೆ ಸರಿಯಿತು. ಹೊಸ ಕಂಪ್ಯೂಟರಿನಲ್ಲಿ ತುಂಗಾ ಕಾಣದಿದ್ದರೆ ಫೈಲು ಕಳೆದುಹೋಗಿದೆ ಎಂದಲ್ಲ, ಅದನ್ನು ಕೇಳಿ ಪಡೆಯಬೇಕು ಎಂದಷ್ಟೇ.

ಯುಎಸ್‌ಪಿ10.ಡಿಎಲ್‌ಎಲ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಯೂನಿಸ್ಕ್ರೈಬ್ ಎಂಬ ಲಿಪಿಜೋಡಣೆಯ ಎಂಜಿನ್ ಅದು. ಕ, ವಿರಾಮ, ಷ ಎಂಬ ಮೂರು ಸಂಕೇತಗಳು ಸೇರಿ ಕ್ಷ ಆಗುವುದು, ಒತ್ತಕ್ಷರ ಕೆಳಗೆ ತನ್ನ ಜಾಗಕ್ಕೆ ಹೋಗುವುದು ಅದರ ದೆಸೆಯಿಂದ. ಎಕ್ಸ್‌ಪಿಯಲ್ಲಿ ಕನ್ನಡ ಬೇಕಾದವರು ಕಂಟ್ರೋಲ್ ಪ್ಯಾನೆಲಿಗೆ ಹೋಗಿ ಸಂಕೀರ್ಣ ಲಿಪಿಗಳ ಬೆಂಬಲಕ್ಕೆ ಗುರುತು ಹಾಕಿ ವಿಂಡೋಸ್ ಸಿಡಿ ಕೊಡಬೇಕಿತ್ತು. ಯೂನಿಸ್ಕ್ರೈಬಿನ ಹೊಸ ಆವೃತ್ತಿ ಆಫೀಸ್ 2003ರ ಜೊತೆ ಬೇರೊಂದು ಫೋಲ್ಡರಿಗೆ ಬರುತ್ತಿತ್ತು. ಅದನ್ನು ಸಿಸ್ಟಂ32ಕ್ಕೆ ನಕಲು ಮಾಡಿ ಅಕ್ಷರಗಳನ್ನು ಸರಿಮಾಡಿಕೊಳ್ಳಲು ಹೋದರೆ ವಿಂಡೋಸ್‌ನ ಕಾವಲು ಹಳೆಯ ಫೈಲನ್ನೇ ಮತ್ತೆ ತಂದು ಇಡುತ್ತಿತ್ತು. ಕಾವಲಿಗೆ ಕನ್ನಡದ ಒತ್ತಕ್ಷರದ ಕಷ್ಟ ಗೊತ್ತಿರಲಿಲ್ಲ. ದಾಖಲೆ ಹೇಳಿದಂತೆ ಅದು ನಡೆಯಿತು. ಇದೇ ಹೆಸರನ್ನು ದುರುಳ ತಂತ್ರಾಂಶಗಳೂ ಬಳಸಿಕೊಂಡವು. ಪ್ರೋಗ್ರಾಂಗಳು ಬಹಳಷ್ಟು ಡಿಎಲ್‌ಎಲ್‌ಗಳನ್ನು ಮೊದಲು ತಮ್ಮದೇ ಫೋಲ್ಡರಿನಲ್ಲಿ ಹುಡುಕಿ ಅಲ್ಲಿ ಸಿಗದಿದ್ದರೆ ಸಿಸ್ಟಂ32ಕ್ಕೆ ಹೋಗುತ್ತವೆ. ಪ್ರೋಗ್ರಾಂ ಇರುವ ಜಾಗದಲ್ಲೇ ಅದೇ ಹೆಸರಿನ ನಕಲಿ ಇಟ್ಟರೆ ಅಸಲಿಯನ್ನು ಮುಟ್ಟದೆಯೇ ಕೆಲಸ ಆಗುತ್ತದೆ.

ಹೆಸರು, ಜಾಗ, ಸಹಿ

ನಕಲಿಯ ಅತ್ಯಂತ ಹಳೆಯ ವೇಷ ಹೆಸರಿನದು. ಎಸ್‌ವಿಸಿಹೋಸ್ಟ್ ಎಂಬಲ್ಲಿ ಓ ಅಕ್ಷರದ ಬದಲು ಸೊನ್ನೆ, ಅಥವಾ ವಿ ಮತ್ತು ಸಿಗಳ ಜಾಗ ಅದಲುಬದಲು. ಎಲ್‌ಎಸ್‌ಎಎಸ್‌ಎಸ್ ಎಂಬಲ್ಲಿ ಮೊದಲ ಸಣ್ಣ ಎಲ್ ಬದಲು ಹಾಗೇ ಕಾಣುವ ದೊಡ್ಡ ಐ. ಕಣ್ಣು ಜಾರಿಬಿಡುತ್ತದೆ. ಹೆಸರು ಸರಿಯಿದ್ದು ಜಾಗ ತಪ್ಪಿರುವುದು ಎರಡನೆಯ ವೇಷ. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಹುಳು ಹರಡಿದಾಗ ಅದರ ಫೈಲು ಎಂಎಸ್‌ಬ್ಲಾಸ್ಟ್ ಎಂಬ ತನ್ನದೇ ಹೆಸರಿನಲ್ಲಿ ಸಿಸ್ಟಂ32ರಲ್ಲಿ ಕುಳಿತಿತ್ತು, ಹುಡುಕಿದವರಿಗೆ ಸಿಗುತ್ತಿತ್ತು. ಅದೇ ತಿಂಗಳು ಬ್ಲಾಸ್ಟರನ್ನೇ ಅಳಿಸಲು ಹೊರಟ ವೆಲ್ಚಿಯಾ ಎಂಬ ಇನ್ನೊಂದು ಹುಳು ಬಂತು. ಅದು ಡಿಎಲ್‌ಎಲ್‌ಹೋಸ್ಟ್, ಎಸ್‌ವಿಸಿಹೋಸ್ಟ್ ಎಂಬ ಅಸಲಿ ಹೆಸರುಗಳನ್ನೇ ಇಟ್ಟುಕೊಂಡು ಸಿಸ್ಟಂ32ರೊಳಗಿನ ವಿನ್ಸ್ ಎಂಬ ಒಳಫೋಲ್ಡರಿನಲ್ಲಿ ಇಳಿದಿತ್ತು. ಟಾಸ್ಕ್ ಮ್ಯಾನೇಜರಿನಲ್ಲಿ ಹೆಸರು ಮಾತ್ರ ನೋಡಿದವರಿಗೆ ವ್ಯತ್ಯಾಸ ತಿಳಿಯಲಿಲ್ಲ. ಪೂರ್ತಿ ಹಾದಿ ನೋಡಿದವರಿಗೆ ಕೂಡಲೇ ತಿಳಿಯಿತು. ಎಸ್‌ವಿಸಿಹೋಸ್ಟ್‌ನ ವಿಷಯದಲ್ಲಿ ಇನ್ನೆರಡು ಗುರುತುಗಳಿವೆ: ಅದನ್ನು ಹುಟ್ಟಿಸುವುದು ಸರ್ವಿಸಸ್.ಇಎಕ್ಸ್‌ಇ, ಮತ್ತು ಅದರ ಆಜ್ಞಾಸಾಲಿನಲ್ಲಿ ಕೆ ಎಂಬ ಸೂಚನೆ ಇರುತ್ತದೆ. ವರ್ಡ್ ಕಡತದಿಂದಲೋ ಬ್ರೌಸರಿನಿಂದಲೋ ಹುಟ್ಟಿದ ಎಸ್‌ವಿಸಿಹೋಸ್ಟ್ ಕಂಡರೆ ವಿಚಾರಣೆ ಬೇಕೇ ಬೇಕು.

ಹೆಸರು, ಜಾಗ ಎರಡೂ ಸರಿಯಿರುವ ಫೈಲಿನ ಮುಂದೆ ಡಿಜಿಟಲ್ ಸಹಿಯ ಪ್ರಶ್ನೆ ಬರುತ್ತದೆ. ಇಲ್ಲೊಂದು ಎಚ್ಚರ ಬೇಕು. ವಿಂಡೋಸ್‌ನ ಎಷ್ಟೋ ಫೈಲುಗಳಲ್ಲಿ ಸಹಿ ಫೈಲಿನ ಒಳಗೇ ಇರುವುದಿಲ್ಲ. ಹ್ಯಾಶ್‌ಗಳನ್ನು ಒಟ್ಟುಮಾಡಿದ ಕ್ಯಾಟಲಾಗ್ ಫೈಲೊಂದಕ್ಕೆ ಸಹಿ ಬಿದ್ದಿರುತ್ತದೆ, ಆ ಕ್ಯಾಟಲಾಗುಗಳು ಕ್ಯಾಟ್‌ರೂಟ್ ಫೋಲ್ಡರಿನಲ್ಲಿರುತ್ತವೆ. ಪ್ರಾಪರ್ಟೀಸ್ ಕಿಟಕಿಯಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಎಂಬ ಪುಟವೇ ಕಾಣಲಿಲ್ಲವೆಂದು ಅಸಲಿ ಫೈಲನ್ನು ನಕಲಿ ಎಂದುಕೊಂಡವರಿದ್ದಾರೆ. ಎರಡೂ ಬಗೆಯ ಸಹಿಗಳನ್ನು ನೋಡಬಲ್ಲ ಸಿಗ್‌ಚೆಕ್ ಇದಕ್ಕೆ ತಕ್ಕ ಸಲಕರಣೆ. ಮಾರ್ಕ್ ರಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕಟ್ಟಿದ ಸಿಸ್‌ಇಂಟರ್ನಲ್ಸ್ ಕಟ್ಟಿನದು ಅದು. 2006ರಲ್ಲಿ ಮೈಕ್ರೊಸಾಫ್ಟ್ ಅವರ ಸಂಸ್ಥೆಯನ್ನು ಕೊಂಡುಕೊಂಡಿತು. ಅದೇ ಕಟ್ಟಿನ ಆಟೋರನ್ಸ್, ಕಂಪ್ಯೂಟರ್ ಏಳುವಾಗ ತಾವಾಗಿ ಓಡುವ ಎಲ್ಲವನ್ನೂ ಪಟ್ಟಿಮಾಡಿ, ಮೈಕ್ರೊಸಾಫ್ಟಿನವನ್ನು ಮರೆಮಾಡಿ ಉಳಿದವನ್ನು ಮಾತ್ರ ತೋರಿಸಬಲ್ಲದು. ಸಾವಿರಾರು ಫೈಲುಗಳ ಕಾಡಿನಲ್ಲಿ ಅಲೆಯುವುದಕ್ಕಿಂತ ಇದರಿಂದ ಶುರುಮಾಡುವುದು ಮೇಲು, ಏಕೆಂದರೆ ಓಡದೇ ಬಿದ್ದಿರುವ ಫೈಲು ತಾನಾಗಿ ಏನನ್ನೂ ಕೆಡಿಸಲಾರದು.

ಹೆಸರು, ಜಾಗ, ಸಹಿ ಮೂರೂ ಸರಿಯಿದ್ದು ಫೈಲು ಮಾತ್ರ ತಪ್ಪಾಗಿರಬಹುದೇ? ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿದರೆ ಏಳುವ ಸ್ಟಿಕಿ ಕೀಸ್ ಸೌಲಭ್ಯದ ಫೈಲು ಎಸ್‌ಇಟಿಎಚ್‌ಸಿ.ಇಎಕ್ಸ್‌ಇ. ಲಾಗಿನ್ ಪರದೆಯಲ್ಲೂ ಅದು ಓಡುತ್ತದೆ. ಕಂಪ್ಯೂಟರನ್ನು ಹೊರಗಿನ ಡಿಸ್ಕಿನಿಂದ ಎಬ್ಬಿಸಿ, ಕಮಾಂಡ್ ಪ್ರಾಂಪ್ಟಿನ ಸಿಎಂಡಿ.ಇಎಕ್ಸ್‌ಇಯನ್ನು ಈ ಹೆಸರಿನ ಮೇಲೆ ನಕಲು ಮಾಡಿಬಿಟ್ಟರೆ, ಪಾಸ್‌ವರ್ಡ್ ಇಲ್ಲದೆ ಶಿಫ್ಟ್ ಒತ್ತಿದವರಿಗೆ ಇಡೀ ಯಂತ್ರದ ಅಧಿಕಾರವಿರುವ ಕಪ್ಪು ಕಿಟಕಿ ತೆರೆದುಕೊಳ್ಳುತ್ತದೆ. ಹೆಸರು ಅಸಲಿ, ಜಾಗ ಅಸಲಿ, ಸಹಿ ಕೇಳಿದರೆ ಮೈಕ್ರೊಸಾಫ್ಟಿನದೇ. ಪ್ರಾಪರ್ಟೀಸ್‌ನಲ್ಲಿ ಮೂಲ ಹೆಸರು ಎಂಬ ಸಾಲು ಮಾತ್ರ ಇದು ಸಿಎಂಡಿ ಎಂದು ಹೇಳಿಬಿಡುತ್ತದೆ. ಎಸ್‌ಎಫ್‌ಸಿ ಕೂಡ ಇದನ್ನು ಹಿಡಿಯುತ್ತದೆ, ಏಕೆಂದರೆ ಅದರ ದಾಖಲೆ ಈ ಹೆಸರಿಗೆ, ಈ ಜಾಗಕ್ಕೆ, ಈ ಹ್ಯಾಶ್ ಎಂದು ಮೂರನ್ನೂ ಒಟ್ಟಿಗೆ ಕಟ್ಟಿಹಾಕಿರುತ್ತದೆ. ಫೈಲೊಂದು ಅಲ್ಲಿಯದು ಎಂದು ಹೇಳಲು ಬೇಕಾದದ್ದು ಈ ಕಟ್ಟು. ಮೂರರಲ್ಲಿ ಯಾವುದೊಂದೂ ಬಿಡಿಯಾಗಿ ಸಾಲದು.

ಸಹಿಗೇ ಕನ್ನ

2010ರ ಜೂನ್‌ನಲ್ಲಿ ಬೆಲಾರೂಸಿನ ವೈರಸ್‌ಬ್ಲೊಕ್‌ಅಡಾ ಕಂಪನಿ ಪತ್ತೆಹಚ್ಚಿದ ಸ್ಟಕ್ಸ್‌ನೆಟ್ ಎಂಬ ಹುಳು, ಡ್ರೈವರ್ಸ್ ಫೋಲ್ಡರಿನಲ್ಲಿ ಎಂಆರ್‌ಎಕ್ಸ್‌ಸಿಎಲ್‌ಎಸ್, ಎಂಆರ್‌ಎಕ್ಸ್‌ನೆಟ್ ಎಂಬ ಎರಡು ಫೈಲುಗಳನ್ನು ಇಡುತ್ತಿತ್ತು. ವಿಂಡೋಸ್‌ನದೇ ಡ್ರೈವರುಗಳ ಸಾಲಿಗೆ ಹೊಂದುವ ಹೆಸರುಗಳು. ಅವಕ್ಕೆ ತೈವಾನಿನ ರಿಯಲ್‌ಟೆಕ್ ಕಂಪನಿಯ ನಿಜವಾದ ಸಹಿ ಇತ್ತು. ಆ ಪ್ರಮಾಣಪತ್ರ ರದ್ದಾದ ಮೇಲೆ ಸಿಕ್ಕ ಇನ್ನೊಂದು ಡ್ರೈವರಿನಲ್ಲಿ ಅದೇ ದೇಶದ ಜೆಮೈಕ್ರಾನ್ ಕಂಪನಿಯ ಸಹಿ ಇತ್ತು. ಸಹಿಯ ಕೀಲಿಗಳೇ ಕಳುವಾಗಿದ್ದವು. ಇರಾನ್, ಇಂಡೊನೇಷ್ಯಾಗಳ ನಂತರ ಅದರ ಸೋಂಕು ಹೆಚ್ಚು ಕಂಡದ್ದು ಭಾರತದಲ್ಲಿ. ಎರಡು ವರ್ಷದ ಬಳಿಕ ಬೆಳಕಿಗೆ ಬಂದ ಫ್ಲೇಮ್ ಎಂಬ ದುರುಳ ತಂತ್ರಾಂಶ ಇನ್ನೂ ಮುಂದೆ ಹೋಯಿತು. ಎಂಡಿ5 ಎಂಬ ಹಳೆಯ ಹ್ಯಾಶ್ ಸೂತ್ರದ ದೌರ್ಬಲ್ಯ ಬಳಸಿ ಮೈಕ್ರೊಸಾಫ್ಟಿನ ಸಹಿಯನ್ನೇ ಹೋಲುವ ಪ್ರಮಾಣಪತ್ರ ಸೃಷ್ಟಿಸಿ, ವಿಂಡೋಸ್ ಅಪ್‌ಡೇಟಿನ ಸೋಗಿನಲ್ಲಿ ಹರಡಿತು. ಇಂದು ಹ್ಯಾಶ್ ತಾಳೆನೋಡುವಾಗ ಎಂಡಿ5 ಬಿಟ್ಟು ಎಸ್‌ಎಚ್‌ಎ-256 ಬಳಸಿ ಎಂದು ತಜ್ಞರು ಹೇಳುವುದು ಇಂಥ ಕಾರಣಗಳಿಗಾಗಿಯೇ.

ಫೋಲ್ಡರಿನ ಪಟ್ಟಿ ತೋರಿಸುವ ವಿಂಡೋಸ್ ಸುಳ್ಳು ಹೇಳುವಂತೆಯೂ ಮಾಡಬಹುದು. 2005ರ ಅಕ್ಟೋಬರ್ 31ರಂದು ರಸಿನೊವಿಚ್ ಪ್ರಕಟಿಸಿದ ಬರಹ ಇಡೀ ಸಂಗೀತೋದ್ಯಮವನ್ನು ಅಲುಗಾಡಿಸಿತು. ಸೋನಿ ಬಿಎಂಜಿಯ ಸಂಗೀತದ ಸಿಡಿಗಳು ನಕಲು ತಡೆಯುವ ನೆಪದಲ್ಲಿ ಕಂಪ್ಯೂಟರಿನೊಳಗೆ ರೂಟ್‌ಕಿಟ್ ಇಳಿಸುತ್ತಿದ್ದವು. ಡಾಲರ್ ಚಿಹ್ನೆ, ಎಸ್‌ವೈಎಸ್, ಮತ್ತೆ ಡಾಲರ್ ಚಿಹ್ನೆಯಿಂದ ಆರಂಭವಾಗುವ ಹೆಸರಿನ ಯಾವ ಫೈಲೂ ಯಾರಿಗೂ ಕಾಣದಂತೆ ಅದು ಮರೆಮಾಡುತ್ತಿತ್ತು, ಮತ್ತು ಅದರ ಫೈಲುಗಳಿದ್ದದ್ದು ಸಿಸ್ಟಂ32ರೊಳಗೇ. ಆತ ಅದನ್ನು ಹಿಡಿದದ್ದು ವಿಂಡೋಸ್ ಹೇಳುವ ಪಟ್ಟಿಯನ್ನು ಡಿಸ್ಕಿನಿಂದ ನೇರವಾಗಿ ಓದಿದ ಪಟ್ಟಿಯ ಪಕ್ಕಕ್ಕಿಟ್ಟು ವ್ಯತ್ಯಾಸ ನೋಡಿ. ಗಂಭೀರ ಅನುಮಾನವಿರುವಾಗ ಡಿಸ್ಕನ್ನು ಬೇರೆ, ಶುದ್ಧ ಸಿಸ್ಟಂನಿಂದ ಎಬ್ಬಿಸಿ ಪರಿಶೀಲಿಸಬೇಕೆಂಬ ನಿಯಮ ಇದಕ್ಕಾಗಿ.

ಕಾವಲುಗಾರರು ಅಸಲಿಯನ್ನೇ ಹಿಡಿದುಹಾಕಿದ ಪ್ರಸಂಗಗಳೂ ಇವೆ. 2008ರ ನವೆಂಬರಿನಲ್ಲಿ ಎವಿಜಿ ಆಂಟಿವೈರಸ್ ಎಕ್ಸ್‌ಪಿಯ ಯೂಸರ್32.ಡಿಎಲ್‌ಎಲ್ ಅನ್ನು ಬ್ಯಾಂಕ್ ಕಳ್ಳನೆಂದು ಗುರುತಿಸಿ ಅಳಿಸಲು ಹೇಳಿತು. ಒಪ್ಪಿದವರ ಕಂಪ್ಯೂಟರ್ ಮತ್ತೆ ಏಳಲಿಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫಿಯ ಅಪ್‌ಡೇಟೊಂದು ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3ರ ಅಸಲಿ ಎಸ್‌ವಿಸಿಹೋಸ್ಟನ್ನೇ ವೈರಸ್ ಎಂದು ಬಂಧಿಸಿತು. ಕಚೇರಿ, ಆಸ್ಪತ್ರೆಗಳಲ್ಲಿ ಕಂಪ್ಯೂಟರುಗಳು ನಿಂತು ನಿಂತು ಮತ್ತೆ ಮತ್ತೆ ಏಳುತ್ತ ಕೂತವು. ಅಪರಿಚಿತ ಫೈಲನ್ನು ಕೂಡಲೇ ಅಳಿಸದೆ, ಅದರ ಎಸ್‌ಎಚ್‌ಎ-256 ಹ್ಯಾಶ್ ತೆಗೆದು ವೈರಸ್‌ಟೋಟಲ್‌ನಲ್ಲಿ ಹಲವು ಆಂಟಿವೈರಸ್‌ಗಳ ಅಭಿಪ್ರಾಯ ನೋಡಿ, ಬೇಕಾದರೆ ಮರಳಿ ತರಲಾಗುವಂತೆ ಕ್ವಾರಂಟೈನಿಗೆ ಹಾಕುವುದು ಈ ಅನುಭವಗಳಿಂದ ಬಂದ ಪದ್ಧತಿ. ಫೈಲನ್ನೇ ಅಪ್‌ಲೋಡ್ ಮಾಡಿದರೆ ಅದು ಇತರ ಸಂಶೋಧಕರ ಕೈಗೂ ಸಿಗುತ್ತದೆ. ಹ್ಯಾಶ್ ಮಾತ್ರ ಕೊಟ್ಟರೆ ಆ ಚಿಂತೆ ಇಲ್ಲ. ಅಮೆರಿಕದ ನಿಸ್ಟ್ ಸಂಸ್ಥೆ ನಡೆಸುವ ರಾಷ್ಟ್ರೀಯ ತಂತ್ರಾಂಶ ಉಲ್ಲೇಖ ಗ್ರಂಥಾಲಯದಲ್ಲೂ ಬಿಡುಗಡೆಯಾದ ತಂತ್ರಾಂಶಗಳ ಫೈಲುಗಳ ಹ್ಯಾಶ್‌ಗಳು ದೊಡ್ಡ ಸಂಖ್ಯೆಯಲ್ಲಿವೆ. ಪೊಲೀಸ್ ತನಿಖಾಧಿಕಾರಿಗಳು ವಶಪಡಿಸಿಕೊಂಡ ಡಿಸ್ಕಿನಲ್ಲಿ ಪರಿಚಿತ ಫೈಲುಗಳನ್ನು ಬದಿಗಿಟ್ಟು ಉಳಿದವನ್ನು ಮಾತ್ರ ನೋಡಲು ಅದನ್ನು ಬಳಸುತ್ತಾರೆ.

ಬೇರೆ ಸಿಸ್ಟಂಗಳಲ್ಲಿ

ಯೂನಿಕ್ಸ್ ಪರಂಪರೆಯಲ್ಲಿ ಈ ಕೆಲಸಕ್ಕೆ ಹೆಸರಾದದ್ದು ಟ್ರಿಪ್‌ವೈರ್. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಜೀನ್ ಕಿಮ್ ಮತ್ತು ಯೂಜೀನ್ ಸ್ಪ್ಯಾಫರ್ಡ್ 1992ರಲ್ಲಿ ಅದನ್ನು ರೂಪಿಸಿದರು. ಸಿಸ್ಟಂ ಶುದ್ಧವಾಗಿರುವಾಗಲೇ ಎಲ್ಲ ಫೈಲುಗಳ ಹ್ಯಾಶ್ ಬರೆದಿಟ್ಟುಕೊಂಡು ಆಮೇಲಾಮೇಲೆ ಹೋಲಿಸುವುದು ಅದರ ಕ್ರಮ. ಲಿನಕ್ಸ್‌ನಲ್ಲಿ ಪ್ರಶ್ನೆಗೆ ಉತ್ತರ ವಿಂಡೋಸ್‌ಗಿಂತ ಸಲೀಸು. ಅಲ್ಲಿ ಯುಎಸ್‌ಆರ್ ಕೆಳಗಿನ ಬಿನ್ ಫೋಲ್ಡರಿನ ಹೆಚ್ಚುಕಡಿಮೆ ಪ್ರತಿ ಫೈಲಿಗೂ ಒಂದು ಪ್ಯಾಕೇಜ್ ವಾರಸುದಾರ. ಯಾವುದು ಎಂದು ರೆಡ್ ಹ್ಯಾಟ್ ಕುಟುಂಬದಲ್ಲಿ ಆರ್‌ಪಿಎಂ, ಡೆಬಿಯನ್ ಕುಟುಂಬದಲ್ಲಿ ಡಿಪಿಕೆಜಿ ಒಂದೇ ಆಜ್ಞೆಗೆ ಹೇಳುತ್ತವೆ. ಯಾವ ಪ್ಯಾಕೇಜಿಗೂ ಸೇರದ ಫೈಲು ಎಂದು ಉತ್ತರ ಬಂದರೆ ತನಿಖೆ ಅಲ್ಲಿಂದಲೇ ಶುರು. ಸ್ವಂತಕ್ಕೆ ಹಾಕಿಕೊಂಡ ಪ್ರೋಗ್ರಾಂಗಳಿಗೆಂದು ಲೋಕಲ್ ಎಂಬ ಪ್ರತ್ಯೇಕ ಜಾಗವಿದೆ. ವಿಂಡೋಸ್‌ನ ಸಿಸ್ಟಂ32ಕ್ಕೆ ಇಂಥ ಬೇಲಿ ಮೊದಲಿಂದಲೇ ಇದ್ದಿದ್ದರೆ ಈ ಲೇಖನದ ಅರ್ಧದಷ್ಟು ಸಂಗತಿಗಳು ನಡೆಯುತ್ತಿರಲಿಲ್ಲ.

ಆದರೂ ಪ್ಯಾಕೇಜಿನ ದಾಖಲೆಯನ್ನೇ ಮೂಲದಲ್ಲಿ ಕೆಡಿಸಿದರೆ ಅದೂ ಸೋಲುತ್ತದೆ. 2020ರ ಡಿಸೆಂಬರಿನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಪ್ರಕರಣದಲ್ಲಿ ದುರುಳ ಕೋಡು ಕಂಪನಿಯ ಸ್ವಂತ ಸಹಿಯೊಂದಿಗೆ, ಅಧಿಕೃತ ಅಪ್‌ಡೇಟಿನಲ್ಲೇ ಸುಮಾರು 18,000 ಗ್ರಾಹಕರನ್ನು ತಲುಪಿತ್ತು. 2024ರ ಮಾರ್ಚಿನಲ್ಲಿ ಲಿನಕ್ಸ್‌ನ ಎಕ್ಸ್‌ಝಡ್ ಎಂಬ ಸಂಕ್ಷೇಪಣ ತಂತ್ರಾಂಶದಲ್ಲಿ ಹಿಂಬಾಗಿಲು ಇಟ್ಟದ್ದು ಅದನ್ನು ನೋಡಿಕೊಳ್ಳುವವರಲ್ಲಿ ಒಬ್ಬರಾಗಿ ಸೇರಿಕೊಂಡವರೇ. ಹ್ಯಾಶ್ ತಾಳೆಯಾಗುತ್ತಿತ್ತು, ಪ್ಯಾಕೇಜ್ ಅಸಲಿಯಾಗಿತ್ತು. ರಿಮೋಟ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಏಕೆ ಎಂದು ಬೆನ್ನುಹತ್ತಿದ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅದನ್ನು ಕಂಡುಹಿಡಿದರು.

ಆಪಲ್ ಮತ್ತು ಗೂಗಲ್ ಫೋಲ್ಡರಿಗೇ ಬೀಗ ಹಾಕುವ ದಾರಿ ಹಿಡಿದವು. 2015ರ ಎಲ್ ಕ್ಯಾಪಿಟನ್‌ನಿಂದ ಮ್ಯಾಕ್‌ನ ಸಿಸ್ಟಂ ಫೈಲುಗಳನ್ನು ರೂಟ್ ಅಧಿಕಾರವಿದ್ದವರೂ ಬದಲಿಸುವಂತಿಲ್ಲ. 2020ರ ಬಿಗ್ ಸರ್‌ನಲ್ಲಿ ಇಡೀ ಸಿಸ್ಟಂ ವಾಲ್ಯೂಮಿಗೇ ಒಂದು ಒಟ್ಟು ಸಹಿ ಬಂತು. ಆಂಡ್ರಾಯ್ಡ್ ಫೋನುಗಳಲ್ಲಿ 2013ರ 4.4 ಆವೃತ್ತಿಯಿಂದ ಡಿಎಂ-ವೆರಿಟಿ ಡಿಸ್ಕಿನ ತುಣುಕುಗಳನ್ನು ಓದುವಾಗಲೇ ತಾಳೆನೋಡಬಲ್ಲದು. ಇಂಥ ಸಾಧನಗಳಲ್ಲಿ ಯಾವ ಫೈಲು ಅಲ್ಲಿಯದು ಎಂದು ಬಳಕೆದಾರರು ಕೇಳುವ ಪ್ರಮೇಯ ಕಡಿಮೆ. ತಮಗೆ ಬೇಕಾದ ಬದಲಾವಣೆ ಮಾಡಿಕೊಳ್ಳುವ ಸ್ವಾತಂತ್ರ್ಯವೂ ಅಷ್ಟೇ ಕಡಿಮೆ.

ವಿಂಡೋಸ್ ಆ ದಾರಿಯತ್ತ ಸರಿಯುತ್ತಿರುವುದಕ್ಕೆ 2024ರ ಜುಲೈ 19ರ ಘಟನೆ ಮುಖ್ಯ ಕಾರಣ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ಗ್ರಾಹಕರ ಕಂಪ್ಯೂಟರುಗಳಿಗೆ ಕಳಿಸಿದ, ಡ್ರೈವರ್ಸ್ ಫೋಲ್ಡರಿನೊಳಗೆ ತನ್ನದೇ ಒಳಫೋಲ್ಡರಿನಲ್ಲಿ ಇಳಿದ ಒಂದು ದತ್ತಾಂಶ ಫೈಲಿನ ದೋಷದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿಪರದೆಗೆ ಬಿದ್ದವು ಎಂದು ಮೈಕ್ರೊಸಾಫ್ಟ್ ಅಂದಾಜಿಸಿತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಸಾಲುಗಳು ಬೆಳೆದವು. ದೇಶದ ಕೆಲವೆಡೆ ವಿಮಾನಸಂಸ್ಥೆಗಳ ಸಿಬ್ಬಂದಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಫೈಲು ಅಸಲಿ, ಕಳಿಸಿದವರೂ ಅಧಿಕೃತರು, ಜಾಗವೂ ಸರಿ. ಪರಿಹಾರ ಮಾತ್ರ ಎರಡು ದಶಕದಿಂದ ಯಾರೂ ಮಾಡಬಾರದೆಂದು ತಜ್ಞರು ಹೇಳುತ್ತ ಬಂದದ್ದೇ ಆಗಿತ್ತು: ಸೇಫ್ ಮೋಡಿನಲ್ಲಿ ಎಬ್ಬಿಸಿ, ಸಿಸ್ಟಂ32ರೊಳಗೆ ಹೋಗಿ, ಸಿ-00000291 ಎಂದು ಶುರುವಾಗುವ ಎಸ್‌ವೈಎಸ್ ಫೈಲನ್ನು ಕೈಯಾರೆ ಅಳಿಸುವುದು. ಐಟಿ ಸಿಬ್ಬಂದಿ ಒಂದೊಂದೇ ಯಂತ್ರದ ಮುಂದೆ ಕುಳಿತು ಅದನ್ನು ಮಾಡಿದರು. ಅದೇ ವರ್ಷದ ನವೆಂಬರಿನಲ್ಲಿ ಮೈಕ್ರೊಸಾಫ್ಟ್ ಪ್ರಕಟಿಸಿದ ಸುಧಾರಣೆಗಳಲ್ಲಿ, ಹೊರಗಿನ ಭದ್ರತಾ ತಂತ್ರಾಂಶಗಳು ವಿಂಡೋಸ್‌ನ ಒಳತಿರುಳಾದ ಕರ್ನಲ್‌ಗೆ ಇಳಿಯದೆ ಸಾಮಾನ್ಯ ಪ್ರೋಗ್ರಾಂಗಳಂತೆ ಹೊರವಲಯದಲ್ಲೇ ಓಡುವ ವ್ಯವಸ್ಥೆ ಒಂದು, ಏಳದ ಯಂತ್ರವನ್ನು ದೂರದಿಂದಲೇ ಸರಿಪಡಿಸುವ ಸೌಲಭ್ಯ ಇನ್ನೊಂದು.